ಕಾಳಿ ನದಿಯಲ್ಲಿ ಎರಡು ದಿನ: ಗೆಳೆಯರೊಡನೆ ದೋಣಿ ಹತ್ತುವವರಿಗೆ ಸಮಗ್ರ ಮಾರ್ಗದರ್ಶಿ

ಮೊದಲ ಸಲ ನಾವು ಆರು ಮಂದಿ ಗೆಳೆಯರು ದಾಂಡೇಲಿ ಹತ್ತಿರದ ಗಣೇಶಗುಡಿ ತಲುಪಿದಾಗ ಮಧ್ಯಾಹ್ನ 2 ಗಂಟೆ ಮೀರಿತ್ತು. ಬೆಂಗಳೂರಿನಿಂದ ರಾತ್ರಿಯಿಡೀ ಬಸ್ಸಿನಲ್ಲಿ ಬಂದು, ಧಾರವಾಡದಲ್ಲಿ ತಿಂಡಿ ಮುಗಿಸಿ, ಮುಂದೆ ಕಾಡು ಕಂಡಲ್ಲೆಲ್ಲ ಗಾಡಿ ನಿಲ್ಲಿಸಿ ಫೋಟೊ ತೆಗೆದುಕೊಳ್ಳುತ್ತ ಹೋದ ತಪ್ಪಿಗೆ ಆ ತಡ. ದಡಕ್ಕಿಳಿದು ನೋಡಿದರೆ ಕಪ್ಪು ಬಂಡೆಗಳ ನಡುವೆ ಮೊಣಕಾಲುದ್ದದ ನೀರು ಅಲ್ಲಲ್ಲಿ ಮಿನುಗುತ್ತಿತ್ತು, ಅಷ್ಟೇ. ಚಹಾದಂಗಡಿಯವರು ನಮ್ಮನ್ನು ಮೇಲಿಂದ ಕೆಳಗೆ ನೋಡಿ, ‘ನೀರು ಬೆಳಗ್ಗೆ ಬಿಟ್ಟಿದ್ರು, ಈಗ ನಿಲ್ಸಿದಾರೆ’ ಎಂದರು. ಗಾಳಿ ತುಂಬಿದ ರಬ್ಬರ್ ದೋಣಿಯಲ್ಲಿ ರಭಸದ ನೀರಿನ ಮೇಲೆ ಸಾಗುವ ರಾಫ್ಟಿಂಗ್ ಎಂದು ಹೊರಟವರು ಆ ದಿನ ಬಂಡೆಯ ಮೇಲೆ ಕುಳಿತು ಚುರುಮುರಿ ತಿಂದು ವಾಪಸಾದೆವು. ಆಮೇಲೆ ಐದಾರು ಸಲ ಅಲ್ಲಿಗೆ ಹೋಗಿದ್ದೇನೆ. ಪ್ರತಿ ಸಲವೂ ಮೊದಲು ಗೊತ್ತು ಮಾಡಿಕೊಳ್ಳುವುದು ನೀರಿನ ಹೊತ್ತನ್ನು. ಬಸ್ಸು, ಕೋಣೆ, ಊಟ ಎಲ್ಲವೂ ಅದರ ನಂತರ. ಈ ಮಾರ್ಗದರ್ಶಿಯನ್ನೂ ಅದೇ ಕ್ರಮದಲ್ಲಿ ಬರೆದಿದ್ದೇನೆ.

ಮೊದಲು ನದಿಯನ್ನು ತಿಳಿದುಕೊಳ್ಳಿ

ಕಾಳಿ ನದಿ ಹುಟ್ಟುವುದು ಉತ್ತರ ಕನ್ನಡ ಜಿಲ್ಲೆಯ ಜೋಯಿಡಾ ತಾಲೂಕಿನ ಡಿಗ್ಗಿಯ ಬಳಿ. ಸುಮಾರು 184 ಕಿ.ಮೀ. ಹರಿದು ಅದೇ ಜಿಲ್ಲೆಯ ಕಾರವಾರದಲ್ಲಿ ಅರಬ್ಬೀ ಸಮುದ್ರವನ್ನು ಸೇರುತ್ತದೆ. ಇಷ್ಟು ಚಿಕ್ಕ ದಾರಿಯಲ್ಲಿ ಅದಕ್ಕೆ ಸೂಪಾ, ಬೊಮ್ಮನಹಳ್ಳಿ, ಕೊಡಸಳ್ಳಿ, ಕದ್ರಾ ಎಂದು ಸಾಲಾಗಿ ಅಣೆಕಟ್ಟುಗಳನ್ನು ಕಟ್ಟಲಾಗಿದೆ. ರಾಫ್ಟಿಂಗ್ ನಡೆಯುವುದು ಮೊದಲನೆಯದಾದ ಸೂಪಾದ ಕೆಳಗೆ, ಗಣೇಶಗುಡಿಯಿಂದ ದಾಂಡೇಲಿಯ ದಿಕ್ಕಿಗೆ ನದಿ ಕಾಡಿನೊಳಗೆ ಹರಿಯುವ ಹರವಿನಲ್ಲಿ. 101 ಮೀಟರ್ ಎತ್ತರದ ಈ ಕಾಂಕ್ರೀಟ್ ಅಣೆಕಟ್ಟಿನ ಬುಡದಲ್ಲಿ ತಲಾ 50 ಮೆಗಾವ್ಯಾಟ್‌ನ ಎರಡು ಯಂತ್ರಗಳಿರುವ ವಿದ್ಯುದಾಗಾರವಿದ್ದು, ಮಳೆಗಾಲ ಕಳೆದ ಮೇಲೆ ಆ ಯಂತ್ರಗಳನ್ನು ತಿರುಗಿಸಿ ಹೊರಬರುವ ನೀರೇ ಕೆಳಗಿನ ನದಿ. ಯಂತ್ರ ತಿರುಗಿದರೆ ನದಿಯಲ್ಲಿ ಅಲೆ ಏಳುತ್ತದೆ; ನಿಂತರೆ ಬಂಡೆ ಏಳುತ್ತದೆ. ಅಣೆಕಟ್ಟಿಗೆ ಹೆಸರು ಕೊಟ್ಟ ಸೂಪಾ ಎಂಬ ಊರು ಇಂದು ಅದೇ ಜಲಾಶಯದ ತಳದಲ್ಲಿದೆ, ತಾಲೂಕು ಕೇಂದ್ರ ಜೋಯಿಡಾಕ್ಕೆ ಹೋಯಿತು. ರಾಫ್ಟಿನಲ್ಲಿ ಕೇಕೆ ಹಾಕುವ ಮೊದಲು ಇದೊಂದನ್ನು ಗೆಳೆಯರಿಗೆ ಹೇಳುವುದನ್ನು ನಾನು ರೂಢಿ ಮಾಡಿಕೊಂಡಿದ್ದೇನೆ.

ಇದರಿಂದ ನಿಮ್ಮ ಯೋಜನೆಗೆ ಎರಡು ಸಂಗತಿ ಸಿಗುತ್ತವೆ. ನೀರು ಯಾವ ದಿನ, ಯಾವ ಹೊತ್ತಿಗೆ, ಎಷ್ಟು ಬರುತ್ತದೆ ಎಂಬುದನ್ನು ನಿರ್ಧರಿಸುವುದು ವಿದ್ಯುತ್ತಿನ ಬೇಡಿಕೆಯೇ ಹೊರತು ಪ್ರವಾಸಿಗರ ಬುಕಿಂಗ್ ಅಲ್ಲ. ಆದ್ದರಿಂದ ಯಾರೂ ತಿಂಗಳ ಮೊದಲೇ ಖಚಿತ ಮಾತು ಕೊಡಲಾರರು, ಕೊಟ್ಟರೆ ನಂಬಬೇಡಿ. ಎರಡನೆಯದು ಜೀವದ ಮಾತು: ಒಣಗಿದಂತೆ ಕಾಣುವ ನದಿಯ ನಡುವಿನ ಬಂಡೆಯ ಮೇಲೆ ಬುತ್ತಿ ಬಿಚ್ಚಿ ಕೂರಬಾರದು. ಮೇಲೆ ಯಂತ್ರ ಚಾಲೂ ಆದರೆ ನೀರು ನೋಡನೋಡುತ್ತಿದ್ದಂತೆ ಏರಿ, ನೀವು ದಾಟಿ ಬಂದ ದಾರಿ ಮುಚ್ಚಿಹೋಗುತ್ತದೆ. ಸೈರನ್ ಕೇಳಿಸಿದರೆ ಸೆಲ್ಫಿ ಬಿಟ್ಟು ದಡ ಸೇರಬೇಕು. ಕೇಳಿಸಲಿಲ್ಲವೆಂದ ಮಾತ್ರಕ್ಕೆ ನೀರು ಬರುವುದಿಲ್ಲ ಎಂದುಕೊಳ್ಳಲೂ ಬಾರದು. ಮೊದಲ ಸಲ ಚುರುಮುರಿ ತಿಂದ ನಮಗೆ ಇದು ತಿಳಿದಿರಲಿಲ್ಲ. ಚಹಾದಂಗಡಿಯವರೇ ಗದರಿಸಿ ಎಬ್ಬಿಸಿದ್ದು.

ತಿಂಗಳು ಮೊದಲು: ಋತು, ಗುಂಪು, ಹಣ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಗಾಲದಲ್ಲಿ ರಾಫ್ಟಿಂಗ್ ನಿಂತಿರುತ್ತದೆ. ಅಕ್ಟೋಬರ್ ಕೊನೆಯಿಂದ ಮೇ ತಿಂಗಳವರೆಗೆ ಹೋಗಬಹುದಾದರೂ, ನನ್ನ ಆಯ್ಕೆ ನವೆಂಬರ್‌ನಿಂದ ಫೆಬ್ರುವರಿ. ಕಾಡು ಇನ್ನೂ ಹಸಿರಾಗಿರುತ್ತದೆ, ಬಿಸಿಲು ಸಹನೀಯ, ಬೆಳಗಿನ ಮಂಜು ನೀರಿನ ಮೇಲೆ ಹಬೆಯಂತೆ ತೇಲುತ್ತಿರುತ್ತದೆ. ಡಿಸೆಂಬರ್ ಕೊನೆಯ ವಾರ ಮತ್ತು ಸಾಲು ರಜೆಯ ವಾರಾಂತ್ಯಗಳನ್ನು ಮಾತ್ರ ಬಿಟ್ಟುಬಿಡಿ. ಆಗ ರಾಫ್ಟಿಗಿಂತ ಸರತಿ ಸಾಲಿನಲ್ಲೇ ಹೆಚ್ಚು ಹೊತ್ತು ಕಳೆಯುತ್ತದೆ.

ಒಂದು ರಾಫ್ಟಿನಲ್ಲಿ ಗೈಡ್ ಬಿಟ್ಟು 6ರಿಂದ 8 ಮಂದಿ ಹುಟ್ಟು ಹಾಕುವುದು ವಾಡಿಕೆ. ಗುಂಪನ್ನು ಈ ಲೆಕ್ಕಕ್ಕೆ ಹೊಂದಿಸಿಕೊಂಡರೆ ಅಪರಿಚಿತರೊಡನೆ ಹಂಚಿಕೊಳ್ಳಬೇಕಾಗುವುದಿಲ್ಲ. 9 ಮಂದಿ ಎಂಬುದು ಬಹಳ ಕೆಟ್ಟ ಸಂಖ್ಯೆ; ಒಬ್ಬರು ಬೇರೆ ದೋಣಿಗೆ ಹೋಗಬೇಕು, ಯಾರು ಎಂಬ ಚರ್ಚೆಯಲ್ಲಿ ಅರ್ಧ ದಿನ ಹೋಗುತ್ತದೆ. ಈಜು ಬಾರದವರೂ ಬರಬಹುದು, ಏಕೆಂದರೆ ಲೈಫ್ ಜಾಕೆಟ್ ತೇಲಿಸುತ್ತದೆ. ಆದರೆ ನೀರೆಂದರೆ ಉಸಿರು ಕಟ್ಟುವಷ್ಟು ಭಯವಿರುವವರನ್ನು ‘ಬಾರೋ, ಏನಾಗಲ್ಲ’ ಎಂದು ಎಳೆದುಕೊಂಡು ಹೋಗಬೇಡಿ. ಅವರಿಗೆ ಭಾನುವಾರದ ಹರಿಗೋಲು ಇದೆ. ಗರ್ಭಿಣಿಯರು, ಮೂರ್ಛೆರೋಗ ಅಥವಾ ಹೃದಯದ ತೊಂದರೆ ಇರುವವರು, ಇತ್ತೀಚೆಗೆ ಶಸ್ತ್ರಚಿಕಿತ್ಸೆಯಾದವರು ಮತ್ತು ಒಮ್ಮೆ ಭುಜದ ಕೀಲು ತಪ್ಪಿದವರು ರಾಫ್ಟ್ ಹತ್ತಬಾರದು. ಕೊನೆಯದನ್ನು ಜನ ಹಗುರವಾಗಿ ತೆಗೆದುಕೊಳ್ಳುತ್ತಾರೆ. ಕೈ ಮೇಲೆತ್ತಿರುವಾಗ ಹುಟ್ಟನ್ನು ನೀರು ಸೆಳೆದರೆ ಅದೇ ಕೀಲು ಮತ್ತೆ ಜಾರುತ್ತದೆ. ಉಬ್ಬಸವಿರುವವರು ವೈದ್ಯರನ್ನು ಕೇಳಿಕೊಂಡು ಬಂದು, ಇನ್‌ಹೇಲರನ್ನು ಗೈಡ್‌ನ ಡ್ರೈ ಬ್ಯಾಗಿನಲ್ಲಿ, ಅಂದರೆ ನೀರು ಸೇರದ ಚೀಲದಲ್ಲಿ, ಇಡಬೇಕು.

ಹಣದ ವಿಷಯದಲ್ಲಿ ಒಬ್ಬರನ್ನು ಖಜಾಂಚಿ ಮಾಡಿ, ಹೊರಡುವ ಮೊದಲೇ ಎಲ್ಲರಿಂದ ಸಮನಾಗಿ ಮುಂಗಡ ಸಂಗ್ರಹಿಸಿ. ಗಣೇಶಗುಡಿಯ ಆಸುಪಾಸಿನಲ್ಲಿ ನೆಟ್‌ವರ್ಕ್ ಬಂದರೆ ಬಂತು, ಇಲ್ಲವಾದರೆ ಇಲ್ಲ; ಯುಪಿಐ ನಂಬಿ ಬರಿಗೈಯಲ್ಲಿ ಹೋದವರು ಚಹಾಕ್ಕೂ ಪರದಾಡುವುದನ್ನು ಕಂಡಿದ್ದೇನೆ. ದಾಂಡೇಲಿಯಲ್ಲಿಯೇ ನಗದು ತೆಗೆದಿಟ್ಟುಕೊಳ್ಳಿ.

ಎರಡು ವಾರ ಮೊದಲು: ರಾಫ್ಟಿಂಗ್ ನಡೆಸುವವರನ್ನು ಆರಿಸುವುದು

ಸರ್ಕಾರಿ ಸ್ವಾಮ್ಯದ ಜಂಗಲ್ ಲಾಡ್ಜಸ್ ಸಂಸ್ಥೆಗೆ ದಾಂಡೇಲಿಯಲ್ಲಿ ಕಾಳಿ ಅಡ್ವೆಂಚರ್ ಕ್ಯಾಂಪ್, ಗಣೇಶಗುಡಿಯಲ್ಲಿ ಓಲ್ಡ್ ಮ್ಯಾಗಝೀನ್ ಹೌಸ್ ಎಂಬ ಎರಡು ತಂಗುದಾಣಗಳಿವೆ. ಎರಡನೆಯದರ ಹೆಸರು ಕೇಳಿ ಹಳೆಯ ಪತ್ರಿಕೆಗಳ ಕಚೇರಿಯೆಂದುಕೊಳ್ಳಬೇಡಿ; ಅಣೆಕಟ್ಟು ಕಟ್ಟುವಾಗ ಸಿಡಿಮದ್ದು ಇಡುತ್ತಿದ್ದ ಉಗ್ರಾಣ ಅದು, ಈಗ ಹಕ್ಕಿ ನೋಡುವವರ ನೆಲೆ. ಇವಲ್ಲದೆ ಖಾಸಗಿ ರೆಸಾರ್ಟ್‌ಗಳೂ ಹೋಮ್‌ಸ್ಟೇಗಳೂ ಹೇರಳವಾಗಿವೆ. ಎಲ್ಲಿಯೇ ಉಳಿಯಿರಿ, ಮುಂಗಡ ಕಟ್ಟುವ ಮೊದಲು ಫೋನಿನಲ್ಲಿ ಕೆಲವು ಪ್ರಶ್ನೆಗಳನ್ನು ಕೇಳಲೇಬೇಕು.

ನಿಮ್ಮಲ್ಲಿ ನಡೆಯುವುದು ದೊಡ್ಡ ರಾಫ್ಟಿಂಗೋ ಚಿಕ್ಕದೋ ಎಂಬುದು ಮೊದಲ ಪ್ರಶ್ನೆ. ದೊಡ್ಡದೆಂದರೆ ಗಣೇಶಗುಡಿಯ ಕಡೆಯಿಂದ ಮೌಳಂಗಿಯತ್ತ ಸುಮಾರು ಹತ್ತು ಕಿ.ಮೀ. ಸಾಗುವ, ಎರಡೂವರೆ-ಮೂರು ಗಂಟೆಯ ಪಯಣ. ಚಿಕ್ಕದೆಂದರೆ ಒಂದೆರಡು ಇಳಿಜಾರಿನಲ್ಲಿ ಹೋಗಿ ಮುಗಿಯುವ ಆಟ. ಜಾಹೀರಾತಿನಲ್ಲಿ ಎರಡಕ್ಕೂ ‘ರಾಫ್ಟಿಂಗ್’ ಎಂದೇ ಬರೆದಿರುತ್ತಾರೆ. ದೊಡ್ಡದಕ್ಕೆ ಹೆಚ್ಚು ನೀರು ಬೇಕಾದ್ದರಿಂದ, ನೀರು ಕಡಿಮೆಯಾದರೆ ಹಣ ವಾಪಸು ಕೊಡುತ್ತೀರೋ ಚಿಕ್ಕದಕ್ಕೆ ತಳ್ಳುತ್ತೀರೋ ಎಂದೂ ಕೇಳಿ, ಉತ್ತರವನ್ನು ವಾಟ್ಸ್‌ಆ್ಯಪ್‌ನಲ್ಲಿ ಬರೆಸಿಕೊಳ್ಳಿ. ಎರಡನೆಯ ಪ್ರಶ್ನೆ, ಒಂದು ರಾಫ್ಟಿಗೆ ಎಷ್ಟು ಮಂದಿ? 2022ರ ಏಪ್ರಿಲ್‌ನಲ್ಲಿ ಗಣೇಶಗುಡಿ ಬಳಿ ಮಿತಿಮೀರಿ ಜನರನ್ನು ಹೇರಿಕೊಂಡ ರಾಫ್ಟೊಂದು ಅಪಾಯಕ್ಕೆ ಸಿಲುಕಿ, ಜಿಲ್ಲಾಡಳಿತವು ಜಲಕ್ರೀಡೆಗಳನ್ನೇ ಕೆಲಕಾಲ ನಿಲ್ಲಿಸಬೇಕಾಗಿ ಬಂದಿತ್ತು. ಹೆಚ್ಚು ಜನ ಹತ್ತಿದ ರಾಫ್ಟ್ ತಿರುಗಿಸಿದತ್ತ ತಿರುಗುವುದಿಲ್ಲ. ದಡಕ್ಕೆ ಹೋದ ಮೇಲೆ ‘ಇನ್ನಿಬ್ಬರು ಅಡ್ಜಸ್ಟ್ ಮಾಡ್ಕೊಳ್ಳಿ ಸಾರ್’ ಎಂದರೆ ಒಪ್ಪಬೇಡಿ. ಬಸ್ಸಿನ ಸೀಟಿನಲ್ಲಿ ತೋರುವ ಔದಾರ್ಯಕ್ಕೆ ಇದು ಜಾಗವಲ್ಲ.

ಜೊತೆಗೆ ರಕ್ಷಣೆಗೆ ಕಯಾಕ್ (ಹುಟ್ಟು ಹಾಕಿ ನಡೆಸುವ ಕಿರಿದಾದ ಚಿಕ್ಕ ದೋಣಿ) ಬರುತ್ತದೆಯೇ, ಎಲ್ಲರಿಗೂ ಹೆಲ್ಮೆಟ್ ಇದೆಯೇ, ಗೈಡ್ ತರಬೇತಿ ಪಡೆದವರೇ, ಪರವಾನಗಿ ಇದೆಯೇ ಎಂದು ವಿಚಾರಿಸಿ. ಈ ಪ್ರಶ್ನೆಗಳಿಗೆ ಸಿಡುಕುವವರನ್ನು ಅಲ್ಲಿಗೇ ಬಿಟ್ಟುಬಿಡಿ. ಹೊರಡುವ ಹಿಂದಿನ ದಿನ ಮತ್ತೊಮ್ಮೆ ಕರೆ ಮಾಡಿ ‘ನಾಳೆ ನೀರು ಎಷ್ಟು ಹೊತ್ತಿಗೆ?’ ಎಂದು ಕೇಳುವುದನ್ನು ಮರೆಯಬೇಡಿ. ಅಲ್ಲಿನವರಿಗೆ ಅದು ಹಾಲು ಬಂತೇ ಎಂದು ಕೇಳಿದಷ್ಟೇ ಸಹಜವಾದ ಪ್ರಶ್ನೆ.

ಚೀಲಕ್ಕೆ ಏನು ಹಾಕಬೇಕು

ನೀರಿಗೆ ಇಳಿಯುವಾಗ ಜೀನ್ಸ್ ಬೇಡವೇ ಬೇಡ. ನೆನೆದರೆ ಅದು ಕಲ್ಲಿನಷ್ಟು ಭಾರವಾಗುತ್ತದೆ, ತೊಡೆ ಉಜ್ಜಿ ಗಾಯವಾಗುತ್ತದೆ. ಬೇಗ ಆರುವ ಪಾಲಿಯೆಸ್ಟರ್ ಟೀ ಶರ್ಟ್ ಮತ್ತು ಟ್ರ್ಯಾಕ್ ಪ್ಯಾಂಟ್ ಸಾಕು. ಕಾಲಿಗೆ ಹಿಮ್ಮಡಿಯ ಹಿಂದೆ ಪಟ್ಟಿಯಿರುವ ಸ್ಯಾಂಡಲ್ ಅಥವಾ ಹಳೆಯ ಕ್ಯಾನ್‌ವಾಸ್ ಶೂ ಬೇಕು. ಹವಾಯಿ ಚಪ್ಪಲಿ ಮೊದಲ ಅಲೆಗೇ ಕಾರವಾರದ ದಾರಿ ಹಿಡಿಯುತ್ತದೆ. ಕನ್ನಡಕಕ್ಕೆ ಹಿಂಬದಿಯಿಂದ ದಾರ ಕಟ್ಟಿಕೊಳ್ಳಿ. ನಮ್ಮ ಗುಂಪಿನ ಲೆಕ್ಕದ ಮೇಷ್ಟ್ರು ದಾರ ಬೇಡವೆಂದು ಹೇಳಿ, ಅರ್ಧ ದಾರಿಯಲ್ಲಿ ಕನ್ನಡಕ ಕಳೆದುಕೊಂಡು, ಉಳಿದ ಒಂದೂವರೆ ದಿನ ಊಟದ ತಟ್ಟೆಯಲ್ಲಿ ಉಪ್ಪಿನಕಾಯಿ ಎಲ್ಲಿದೆ ಎಂದು ಪಕ್ಕದವರನ್ನು ಕೇಳುತ್ತಿದ್ದರು. ಉಂಗುರ, ಸರ, ಗಡಿಯಾರಗಳನ್ನು ಕೋಣೆಯಲ್ಲೇ ಬಿಡಿ. ಜೇಬಿನಲ್ಲಿ ಏನೂ ಇರಬಾರದು, ಕಾರಿನ ಕೀಲಿಯಂತೂ ಖಂಡಿತ ಬೇಡ.

ಇನ್ನುಳಿದಂತೆ ಎರಡು ಜೊತೆ ಒಣ ಬಟ್ಟೆ, ಟವೆಲ್, ಒದ್ದೆ ಬಟ್ಟೆ ಹಾಕಲು ದಪ್ಪ ಪ್ಲಾಸ್ಟಿಕ್ ಚೀಲ, ಸನ್‌ಸ್ಕ್ರೀನ್, ಓಆರ್‌ಎಸ್ ಪೊಟ್ಟಣಗಳು, ಬ್ಯಾಂಡೇಜು, ಟಾರ್ಚ್ ಮತ್ತು ಗುರುತಿನ ಚೀಟಿ ಸಾಕಾಗುತ್ತದೆ.

ಶುಕ್ರವಾರ ರಾತ್ರಿ: ಹೋಗುವುದು ಹೇಗೆ

ಬೆಂಗಳೂರಿನಿಂದ ದಾಂಡೇಲಿಗೆ ರಸ್ತೆಯಲ್ಲಿ 450 ಕಿ.ಮೀ.ಗೂ ಹೆಚ್ಚು, ರಾತ್ರಿ ಬಸ್ಸು ಹತ್ತಿದರೆ ಬೆಳಗ್ಗೆ ಇಳಿಯುತ್ತೀರಿ. ರೈಲಿನವರಿಗೆ ಧಾರವಾಡ ಅಥವಾ ಅಳ್ನಾವರ ಅನುಕೂಲ. ಧಾರವಾಡದಿಂದ ಹಳಿಯಾಳದ ಮೇಲೆ ದಾಂಡೇಲಿಗೆ ವಾಯವ್ಯ ಸಾರಿಗೆಯ ಬಸ್ಸುಗಳಿವೆ. ದಾಂಡೇಲಿಯಿಂದ ಗಣೇಶಗುಡಿಗೆ 25 ಕಿ.ಮೀ. ಆಸುಪಾಸು, ಜೋಯಿಡಾ ಕಡೆಗೆ ಹೋಗುವ ಬಸ್ಸು ಅಲ್ಲಿ ಇಳಿಸುತ್ತದೆ. ರಾಫ್ಟಿಂಗ್ ನಡೆಸುವವರು ಎಲ್ಲಿಂದ ಎಲ್ಲಿಯವರೆಗೆ ಜೀಪಿನಲ್ಲಿ ಕರೆದೊಯ್ಯುತ್ತಾರೆ ಎಂಬುದನ್ನು ಮೊದಲೇ ಕೇಳಿಟ್ಟುಕೊಳ್ಳಿ, ಏಕೆಂದರೆ ನದಿಯಲ್ಲಿ ಹತ್ತಿದ ಜಾಗಕ್ಕೂ ಇಳಿಯುವ ಜಾಗಕ್ಕೂ ಸಂಬಂಧವಿರುವುದಿಲ್ಲ. ನಿಮ್ಮ ಒಣ ಬಟ್ಟೆಯ ಚೀಲ ಇಳಿಯುವ ಜಾಗದಲ್ಲಿರಬೇಕು. ನಮ್ಮದು ಒಮ್ಮೆ ಹತ್ತಿದ ಜಾಗದಲ್ಲೇ ಉಳಿದು, ಡಿಸೆಂಬರ್ ಸಂಜೆ ಒದ್ದೆ ಬಟ್ಟೆಯಲ್ಲಿ ತೆರೆದ ಜೀಪಿನಲ್ಲಿ ನಡುಗುತ್ತ ಬಂದೆವು.

ಸ್ವಂತ ಕಾರಿನಲ್ಲಿ ರಾತ್ರಿಯಿಡೀ ಓಡಿಸಿಕೊಂಡು ಬಂದು ನೇರವಾಗಿ ರಾಫ್ಟ್ ಹತ್ತುವ ಯೋಜನೆ ನನಗೆ ಒಪ್ಪಿಗೆಯಿಲ್ಲ. ನಿದ್ದೆಗೆಟ್ಟ ದೇಹಕ್ಕೆ ತಣ್ಣೀರಿನಲ್ಲಿ ಗೈಡ್‌ನ ಕೂಗು ಅರ್ಧ ಕ್ಷಣ ತಡವಾಗಿ ಕೇಳಿಸುತ್ತದೆ. ಹಿಂದಿನ ರಾತ್ರಿಯ ಮದ್ಯಕ್ಕೂ ಇದೇ ಮಾತು. ಪಾರ್ಟಿಯನ್ನು ಶನಿವಾರ ಸಂಜೆ ನೀರಿನಿಂದ ಹೊರಬಂದ ಮೇಲೆ ಇಟ್ಟುಕೊಳ್ಳಿ.

ಶನಿವಾರ ಬೆಳಗ್ಗೆ: ದಡದ ಮೇಲಿನ ಅರ್ಧ ಗಂಟೆ

ನೀರಿನ ಮೇಲಿನ ಮೂರು ಗಂಟೆಗಿಂತ ದಡದ ಮೇಲಿನ ಈ ಅರ್ಧ ಗಂಟೆಗೇ ಬೆಲೆ ಹೆಚ್ಚು. ತಿಂಡಿ ಹಗುರವಾಗಿರಲಿ, ಅವಲಕ್ಕಿಯೋ ಇಡ್ಲಿಯೋ ಸಾಕು, ಮಿಸಳ್‌ಪಾವ್ ಮಧ್ಯಾಹ್ನಕ್ಕಿರಲಿ.

ಲೈಫ್ ಜಾಕೆಟ್ ಹಾಕಿಕೊಳ್ಳುವಾಗ ಎಲ್ಲ ಬಕಲ್‌ಗಳನ್ನು ಹಾಕಿ, ಪಟ್ಟಿಗಳನ್ನು ಕೆಳಗಿನಿಂದ ಮೇಲಕ್ಕೆ ಒಂದೊಂದಾಗಿ ಬಿಗಿಯಬೇಕು. ಆಮೇಲೆ ಗೆಳೆಯರೊಬ್ಬರು ಎದುರು ನಿಂತು ಭುಜದ ಪಟ್ಟಿಗಳೆರಡನ್ನೂ ಹಿಡಿದು ಜೋರಾಗಿ ಮೇಲಕ್ಕೆ ಎಳೆದು ನೋಡಲಿ. ಜಾಕೆಟ್ ಕಿವಿಯವರೆಗೆ ಬಂತೆಂದರೆ ಅದು ಸಡಿಲವಾಗಿದೆ, ನೀರಿನಲ್ಲಿಯೂ ಹಾಗೆಯೇ ಮೇಲೇರಿ ಬಾಯಿ ಮೂಗು ಮುಚ್ಚುತ್ತದೆ. ಮೈಗೆ ಬಿಗಿಯಾಗಿ ಕೂತಿರಬೇಕು, ಆದರೆ ಉಸಿರಾಟಕ್ಕೆ ಅಡ್ಡಿಯಾಗಬಾರದು. ಹೆಲ್ಮೆಟ್ ಹಣೆಯನ್ನು ಮುಚ್ಚಬೇಕು. ಫೋಟೊದಲ್ಲಿ ಕೂದಲು ಕಾಣಲೆಂದು ಹಿಂದಕ್ಕೆ ಸರಿಸಿಕೊಂಡರೆ ಅದನ್ನು ಹಾಕಿಯೂ ಪ್ರಯೋಜನವಿಲ್ಲ.

ಹುಟ್ಟಿನ ತುದಿಯಲ್ಲಿ ‘ಟಿ’ ಆಕಾರದ ಹಿಡಿ ಇರುತ್ತದೆ. ಒಂದು ಕೈ ಯಾವಾಗಲೂ ಆ ಹಿಡಿಯನ್ನು ಮುಚ್ಚಿಕೊಂಡಿರಬೇಕು, ಇನ್ನೊಂದು ಕೈ ಅಲಗಿನ ಸ್ವಲ್ಪ ಮೇಲೆ. ರಾಫ್ಟಿನಲ್ಲಿ ಹಲ್ಲು ಮುರಿಯುವುದು, ಹುಬ್ಬು ಸೀಳುವುದು ಹೆಚ್ಚಾಗಿ ಬಂಡೆಯಿಂದಲ್ಲ, ಪಕ್ಕದಲ್ಲಿ ಕುಳಿತ ಗೆಳೆಯ ಕೈಬಿಟ್ಟ ಈ ಹಿಡಿಯಿಂದ. ಕುಳಿತುಕೊಳ್ಳುವುದು ರಾಫ್ಟಿನ ಒಳಗಲ್ಲ, ಗಾಳಿ ತುಂಬಿದ ಅಂಚಿನ ಮೇಲೆ. ಪಾದಗಳನ್ನು ಅಡ್ಡ ಕೊಳವೆಯ ಕೆಳಗೆ ಅಥವಾ ಪಾದ ಸಿಗಿಸಲೆಂದೇ ತಳದಲ್ಲಿರುವ ಜೇಬಿನೊಳಗೆ ತುರುಕಿ ನೆಲೆ ಕಂಡುಕೊಳ್ಳಬೇಕು. ಹುಟ್ಟು ಹಾಕುವಾಗ ತೋಳನ್ನಷ್ಟೇ ಎಳೆಯದೆ ಸೊಂಟದಿಂದ ಮುಂದಕ್ಕೆ ಬಾಗಿ, ಅಲಗನ್ನು ಪೂರ್ತಿ ಮುಳುಗಿಸಿ, ಇಡೀ ಮೈಯಿಂದ ಹಿಂದಕ್ಕೆ ಸೆಳೆಯಿರಿ. ಮುಂದಿನ ಸಾಲಿನ ಇಬ್ಬರು ತಾಳ ಹಾಕುವವರು, ಹಿಂದಿನವರೆಲ್ಲ ಅವರ ಹುಟ್ಟನ್ನು ನೋಡಿಕೊಂಡು ಜೊತೆಗೂಡಬೇಕು. ಆದ್ದರಿಂದ ಗುಂಪಿನಲ್ಲಿ ಹೆಚ್ಚು ಬಲವಿದ್ದವರಿಗಿಂತ ಲಯಬದ್ಧವಾಗಿ ಕೆಲಸ ಮಾಡುವ ಇಬ್ಬರನ್ನು ಮುಂದೆ ಕೂರಿಸಿ.

ಗೈಡ್‌ನ ಆಜ್ಞೆಗಳು ಬೆರಳೆಣಿಕೆಯಷ್ಟು. ‘ಫಾರ್ವರ್ಡ್’ ಎಂದರೆ ಮುಂದಕ್ಕೆ, ‘ಬ್ಯಾಕ್’ ಎಂದರೆ ಹಿಂದಕ್ಕೆ, ‘ಸ್ಟಾಪ್’ ಎಂದರೆ ಹುಟ್ಟನ್ನು ತೊಡೆಯ ಮೇಲಿಟ್ಟು ಸುಮ್ಮನಿರುವುದು. ‘ಗೆಟ್ ಡೌನ್’ ಎಂದಾಗ ಅಂಚಿನಿಂದ ಜಾರಿ ರಾಫ್ಟಿನೊಳಗೆ ಕುಕ್ಕರಗಾಲಿನಲ್ಲಿ ಕುಳಿತು, ಒಂದು ಕೈಯಲ್ಲಿ ಸುತ್ತಲಿನ ಹಗ್ಗ, ಇನ್ನೊಂದರಲ್ಲಿ ಹುಟ್ಟನ್ನು ನೆಟ್ಟಗೆ ಹಿಡಿಯಬೇಕು. ಬಂಡೆಗೆ ಬಡಿದು ರಾಫ್ಟ್ ಒರಗಿತೆಂದರೆ ಗೈಡ್ ‘ಹೈ ಸೈಡ್’ ಎಂದು ಕೂಗುತ್ತಾರೆ. ಆಗ ಎಲ್ಲರೂ ಮೇಲೇಳುತ್ತಿರುವ ಬದಿಗೆ, ಅಂದರೆ ಬಂಡೆಯ ಕಡೆಗೆ ಮೈಚಾಚಿ ಬೀಳಬೇಕು. ಮನುಷ್ಯನ ಸಹಜ ಬುದ್ಧಿ ಬಂಡೆಯಿಂದ ದೂರ ಸರಿಯೆನ್ನುತ್ತದೆ, ಹಾಗೆ ಸರಿದಾಗಲೇ ರಾಫ್ಟ್ ಮಗುಚುವುದು.

ನೀರನ್ನು ಓದುವುದು

ಬಿಳಿನೀರಿನ, ಅಂದರೆ ನೊರೆಯೆದ್ದು ರಭಸದಿಂದ ಹರಿಯುವ ನೀರಿನ, ಇಳಿಜಾರುಗಳನ್ನು 1ರಿಂದ 6ರವರೆಗೆ ದರ್ಜೆ ಮಾಡುತ್ತಾರೆ. 1 ಎಂದರೆ ಅಲುಗಾಡುವ ನೀರು, 6 ಎಂದರೆ ಪಳಗಿದವರೂ ಹಿಂಜರಿಯುವಂಥದ್ದು. ಕಾಳಿಯ ಈ ಭಾಗ 2 ಮತ್ತು 3ರ ನಡುವೆ ಬರುತ್ತದೆ. ದಾರಿ ಆರಿಸುವುದು ಗೈಡ್‌ನ ಕೆಲಸವೇ ಆದರೂ ಅವರು ಏನನ್ನು ನೋಡುತ್ತಿದ್ದಾರೆಂದು ಅರ್ಥವಾದರೆ ನಿಮಗೂ ಆಟ ರುಚಿಸುತ್ತದೆ.

ಇಳಿಜಾರು ಶುರುವಾಗುವಲ್ಲಿ ಕಣ್ಣಿಟ್ಟು ನೋಡಿ. ಎರಡು ಬಂಡೆಗಳ ನಡುವೆ ನುಣುಪಾದ ಕಡುಹಸಿರು ನೀರು ನಾಲಿಗೆಯಂತೆ ಮುಂಚಾಚಿ, ಕೆಳಮುಖದ ‘ವಿ’ ಆಕಾರದಲ್ಲಿ ಕಿರಿದಾಗುತ್ತ ಹೋಗುತ್ತದೆ. ಅದು ಆಳವಿರುವ ದಾರಿ. ಅದೇ ‘ವಿ’ ಯ ಮೊನೆ ನಿಮ್ಮತ್ತ ತಿರುಗಿದ್ದರೆ ಆ ಮೊನೆಯಲ್ಲಿ ಬಂಡೆ ಅಡಗಿದೆ ಎಂದರ್ಥ. ದೊಡ್ಡ ಬಂಡೆಯ ಹಿಂಬದಿಯಲ್ಲಿ ನೀರು ಪ್ರವಾಹಕ್ಕೆ ಎದುರಾಗಿ ಮೇಲ್ಮುಖವಾಗಿ ಸುತ್ತುತ್ತಿರುತ್ತದೆ. ಗೈಡ್‌ಗಳು ಎಡ್ಡಿ ಎನ್ನುವ ಈ ಜಾಗ ನದಿಯ ನಡುವಿನ ಬಸ್ ನಿಲ್ದಾಣವಿದ್ದಂತೆ, ರಾಫ್ಟನ್ನು ಅಲ್ಲಿಗೆ ಸೇರಿಸಿ ಹಿಂದಿನವರಿಗಾಗಿ ಕಾಯುತ್ತಾರೆ. ಬಂಡೆಯ ಮೇಲಿಂದ ಧುಮುಕಿದ ನೀರು ತನ್ನ ಮೇಲೆಯೇ ಮಗುಚಿ ಬೀಳುತ್ತ ನೊರೆ ಕಟ್ಟಿದ್ದರೆ ಅದು ಹೋಲ್. ಅದನ್ನು ದಾಟುವುದಕ್ಕಿರುವ ಉಪಾಯ ವೇಗವೊಂದೇ. ಎಲ್ಲರೂ ಹೆದರಿ ಹುಟ್ಟು ಎತ್ತಿಕೊಂಡರೆ ರಾಫ್ಟ್ ಅಲ್ಲಿಯೇ ನಿಂತು ತಿರುಗುತ್ತದೆ; ಅಲೆ ಮುಖಕ್ಕೆ ಬಡಿಯುತ್ತಿದ್ದರೂ ಹುಟ್ಟು ಹಾಕುತ್ತಲೇ ಇರಬೇಕು. ಅಲಗು ನೀರಿನೊಳಗಿದ್ದರೆ ಅದೇ ನಿಮಗೊಂದು ಆಸರೆ ಕೂಡ.

ನೀರಿಗೆ ಬಿದ್ದರೆ

ಬೀಳುವುದು ವಿಶೇಷವೇನಲ್ಲ, ನಾನು ಎರಡು ಸಲ ಬಿದ್ದಿದ್ದೇನೆ. ನೀರಿನ ತಂಪಿಗೆ ಎದೆ ಹಿಡಿದಂತಾಗಿ ಮೊದಲ ಕೆಲವು ಕ್ಷಣ ಉಸಿರು ಸಿಗುವುದಿಲ್ಲ. ಜಾಕೆಟ್ ಮೇಲೆತ್ತುತ್ತದೆ, ಅಷ್ಟು ಹೊತ್ತು ಬಾಯಿ ಮುಚ್ಚಿಕೊಂಡಿರಿ. ರಾಫ್ಟ್ ಕೈಗೆಟಕುವಂತಿದ್ದರೆ ಸುತ್ತಲಿನ ಹಗ್ಗ ಹಿಡಿಯಿರಿ. ರಾಫ್ಟಿನ ಕೆಳಗೆ ಸಿಕ್ಕಿಕೊಂಡರೆ ಗಾಬರಿಯಾಗದೆ, ತಲೆಯ ಮೇಲಿನ ತಳವನ್ನು ಅಂಗೈಗಳಿಂದ ಒಂದೇ ದಿಕ್ಕಿಗೆ ತಳ್ಳುತ್ತ ಹೋದರೆ ಅಂಚು ಸಿಗುತ್ತದೆ.

ರಾಫ್ಟ್ ದೂರ ಹೋಗಿದ್ದರೆ ಮಲಗಿದಂತೆ ಅಂಗಾತ ತಿರುಗಿ, ಪಾದಗಳನ್ನು ಪ್ರವಾಹದ ಮುಂದಕ್ಕೆ ಚಾಚಿ, ಕಾಲ್ಬೆರಳು ನೀರಿನ ಮೇಲೆ ಕಾಣುವಂತೆ ಇಟ್ಟುಕೊಳ್ಳಿ. ಎದುರು ಬರುವ ಬಂಡೆಯನ್ನು ಕಾಲಿನಿಂದ ಒದ್ದು ದಾಟಬಹುದು, ತಲೆಯಿಂದಲ್ಲ. ಹರಿಯುವ ನೀರಿನಲ್ಲಿ ಎದ್ದು ನಿಲ್ಲಲು ಮಾತ್ರ ಎಂದಿಗೂ ಪ್ರಯತ್ನಿಸಬೇಡಿ. ಸೊಂಟದುದ್ದದ ನೀರೇ ಆಗಿರಲಿ, ಪಾದ ಎರಡು ಕಲ್ಲುಗಳ ಸಂದಿಗೆ ಸಿಕ್ಕಿತೆಂದರೆ ಹಿಂದಿನ ಪ್ರವಾಹ ಮೈಯನ್ನು ಮುಂದಕ್ಕೆ ಬಗ್ಗಿಸಿ ಮುಖವನ್ನು ನೀರಿನಲ್ಲಿ ಅದುಮಿ ಹಿಡಿಯುತ್ತದೆ. ಬಿಳಿನೀರಿನಲ್ಲಿ ಪಳಗಿದವರು ಆಳಕ್ಕಿಂತ ಹೆಚ್ಚಾಗಿ ಹೆದರುವುದು ಇದಕ್ಕೆ. ನೀರಿಗೆ ಬಾಗಿದ ಮರದ ಕೊಂಬೆಗಳಿಂದಲೂ ದೂರ ಈಜಿ; ನೀರು ಅವುಗಳ ಮೂಲಕ ಸೋಸಿ ಹೋಗುತ್ತದೆ, ಮನುಷ್ಯ ಹೋಗುವುದಿಲ್ಲ.

ಗೈಡ್ ಹಗ್ಗದ ಚೀಲ ಎಸೆದಾಗ ಹಿಡಿಯಬೇಕಾದದ್ದು ಹಗ್ಗವನ್ನು, ಚೀಲವನ್ನಲ್ಲ. ಹಗ್ಗವನ್ನು ಭುಜದ ಮೇಲಿಂದ ತಂದು ಎದೆಗೆ ಒತ್ತಿ ಹಿಡಿದು ಅಂಗಾತವೇ ಇದ್ದರೆ ನೀರು ನಿಮ್ಮನ್ನು ತಾನಾಗಿ ದಡದ ಕಡೆಗೆ ತೂಗಿ ತರುತ್ತದೆ. ಕೈಗೆ ಸುತ್ತಿಕೊಳ್ಳಬೇಡಿ, ಬಿಡಬೇಕಾದಾಗ ಬಿಡಲು ಬರಬೇಕು. ಬಿದ್ದವರನ್ನು ಮೇಲೆಳೆದುಕೊಳ್ಳುವವರು ಕೈ ಹಿಡಿದು ಜಗ್ಗದೆ, ಜಾಕೆಟಿನ ಎರಡೂ ಭುಜಪಟ್ಟಿಗಳನ್ನು ಹಿಡಿದು, ಮೊಣಕಾಲನ್ನು ಅಂಚಿಗೆ ಒತ್ತಿಕೊಂಡು ಹಿಂದಕ್ಕೆ ಬೀಳಬೇಕು. ಎಳೆದವರ ಎದೆಯ ಮೇಲೆಯೇ ಎಳೆಸಿಕೊಂಡವರು ಬಂದು ಬೀಳುತ್ತಾರೆ, ಅದು ಹಾಗೆಯೇ ಆಗಬೇಕು.

ಶನಿವಾರ ಸಂಜೆ

ನೀರಿನಿಂದ ಹೊರಬಂದ ಮೇಲೆ ಹಸಿವಾಗುವ ಬಗೆಯೇ ಬೇರೆ. ಮೊದಲು ಒಣ ಬಟ್ಟೆ, ಆಮೇಲೆ ಓಆರ್‌ಎಸ್ ಅಥವಾ ಮುರುಗಲು ಹಣ್ಣಿನ ಪಾನಕ, ಆಮೇಲೆ ಊಟ. ನೀರಿನ ಮೇಲಿದ್ದವರಿಗೆ ಬಾಯಾರಿಕೆ ಗೊತ್ತಾಗುವುದಿಲ್ಲ, ತಲೆನೋವು ಬಂದ ಮೇಲೆ ಗೊತ್ತಾಗುತ್ತದೆ.

ಒಂದು ಎಚ್ಚರಿಕೆ. ದಾಂಡೇಲಿ ಪಟ್ಟಣದ ಸುತ್ತಲಿನ ನಿಂತ ನೀರಿನ ಮಡುಗಳಲ್ಲಿ, ದಾಂಡೇಲಪ್ಪನ ಗುಡಿಯ ಕಡೆಯಲ್ಲಿಯೂ, ಮೊಸಳೆಗಳಿವೆ. ರಾಫ್ಟ್ ಹೋಗುವ ರಭಸದ ನೀರು ಅವಕ್ಕೆ ಹಿತವಲ್ಲ. ಅವುಗಳದ್ದು ಸಾವಧಾನದ ಬದುಕು. ರೆಸಾರ್ಟಿನ ಹಿಂದೆ ನದಿ ಶಾಂತವಾಗಿ ಕಾಣುತ್ತದೆಂದು ಸಂಜೆ ಕಾಲು ಇಳಿಬಿಟ್ಟು ಕೂರುವುದು, ಸ್ಥಳೀಯರನ್ನು ಕೇಳದೆ ಈಜಲು ಇಳಿಯುವುದು ಬೇಡ. ಇದು 2015ರಲ್ಲಿ ಕಾಳಿ ಎಂಬ ಹೆಸರು ಪಡೆದ ಹುಲಿ ಸಂರಕ್ಷಿತ ಪ್ರದೇಶದ ಸೀಮೆ ಎಂಬುದನ್ನೂ ನೆನಪಿನಲ್ಲಿಟ್ಟು, ಸ್ಪೀಕರ್ ಮನೆಯಲ್ಲಿಯೇ ಬಿಟ್ಟು ಬನ್ನಿ. ಸದ್ದಿಲ್ಲದಿದ್ದರೆ ಸಂಜೆ ಗೂಡಿಗೆ ಮರಳುವ ಮಂಗಟ್ಟೆ ಹಕ್ಕಿಗಳ ರೆಕ್ಕೆ ಬಡಿತ, ಹಳೆಯ ರೈಲಿನ ಇಂಜಿನ್ ಉಸಿರುಬಿಟ್ಟಂತೆ, ತಲೆಯ ಮೇಲಿಂದಲೇ ಕೇಳಿಸುತ್ತದೆ.

ಭಾನುವಾರ: ನಿಧಾನದ ನೀರು

ಶನಿವಾರದ ಭುಜನೋವು ಭಾನುವಾರ ಬೆಳಗ್ಗೆ ತಿಳಿಯುತ್ತದೆ. ಆದ್ದರಿಂದ ಈ ದಿನ ಕಯಾಕ್ ಮತ್ತು ಹರಿಗೋಲಿಗೆ, ಅದೂ ಗಾಳಿ ಏಳುವ ಮೊದಲು, ಏಳೂವರೆಯ ಹೊತ್ತಿಗೆ. ಸಮತಟ್ಟಾದ ನೀರು, ರೆಸಾರ್ಟಿನವರ ನಿಗಾ, ಲೈಫ್ ಜಾಕೆಟ್, ಈ ಮೂರೂ ಇರಬೇಕು.

ಇಲ್ಲಿ ಸಿಗುವುದು ಹೆಚ್ಚಾಗಿ ಮೇಲೆ ಕುಳಿತುಕೊಳ್ಳುವ ಬಗೆಯ ಕಯಾಕ್. ಮಗುಚಿದರೂ ಒಳಗೆ ಸಿಕ್ಕಿಕೊಳ್ಳುವ ಭಯವಿಲ್ಲ. ಎರಡು ಅಲಗಿನ ಹುಟ್ಟನ್ನು ತಲೆಯ ಮೇಲಿಟ್ಟುಕೊಂಡಾಗ ಮೊಣಕೈಗಳು ಲಂಬಕೋನದಲ್ಲಿದ್ದರೆ ಹಿಡಿತದ ಅಗಲ ಸರಿಯಿದೆ. ಅಲಗನ್ನು ಪಾದದ ಹತ್ತಿರ ಮುಳುಗಿಸಿ, ಸೊಂಟದವರೆಗೆ ಸೆಳೆದು, ಅಲ್ಲಿಯೇ ಎತ್ತಿಬಿಡಿ; ಸೊಂಟ ದಾಟಿ ಎಳೆದರೆ ಕಯಾಕ್ ಮುಂದೆ ಹೋಗದೆ ಪಕ್ಕಕ್ಕೆ ತಿರುಗುತ್ತದೆ. ತಿರುಗಿಸಬೇಕೆಂದಾಗ ಎದುರು ಬದಿಯಲ್ಲಿ ಮುಂದಿನಿಂದ ಹಿಂದಕ್ಕೆ ಅರ್ಧಚಂದ್ರದಂತೆ ದೊಡ್ಡದಾಗಿ ಬಳಿಯಿರಿ. ಮೊದಲು ಹರಿವಿಗೆ ಎದುರಾಗಿ ಹೋಗಿ, ದಣಿದ ಮೇಲೆ ಹರಿವಿನೊಡನೆ ಮರಳುವುದು ಜಾಣತನ. ಬಿದ್ದರೆ ಕಯಾಕಿನ ಪಕ್ಕದಲ್ಲಿ ಮಲಗಿದಂತೆ ಕಾಲು ಬಡಿದು, ಹೊಟ್ಟೆಯನ್ನು ಅದರ ಮೇಲೆ ಎಳೆದುಕೊಂಡು, ಹೊರಳಿ ಕುಳಿತು, ಕೊನೆಯಲ್ಲಿ ಕಾಲುಗಳನ್ನು ಒಳಗೆ ತಂದುಕೊಳ್ಳಬೇಕು.

ಹರಿಗೋಲಿನದು ಬೇರೆಯೇ ಸ್ವಭಾವ. ಅದಕ್ಕೆ ಮುಂದು ಹಿಂದು ಇಲ್ಲ. ಬಿದಿರಿನ ಬುಟ್ಟಿಗೆ ಹಿಂದೆ ತೊಗಲು ಹೊದಿಸುತ್ತಿದ್ದರು, ಈಗ ಪ್ಲಾಸ್ಟಿಕ್ ಹಾಳೆ ಹೊದಿಸಿ ಡಾಂಬರು ಬಳಿಯುತ್ತಾರೆ, ಫೈಬರ್‌ನವೂ ಬಂದಿವೆ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ತುಂಗಭದ್ರೆಯಲ್ಲಿ ಇಂಥ ಬುಟ್ಟಿಯಂತಹ ದುಂಡು ದೋಣಿಗಳನ್ನು ಕಂಡು ದಾಖಲಿಸಿದ್ದಾನೆ. ಆಕಾರ ಇಂದಿಗೂ ಅದೇ. ಹತ್ತುವಾಗ ನಡುವಿಗೆ ಹೆಜ್ಜೆಯಿಟ್ಟು, ಭಾರ ಸುತ್ತಲೂ ಸಮನಾಗಿ ಹಂಚಿಕೊಳ್ಳುವಂತೆ ಕುಳಿತು, ಅಂಚಿನ ಮೇಲೆ ಯಾರೂ ಏರದಂತೆ ನೋಡಿಕೊಳ್ಳಿ. ಅಂಬಿಗರು ಹುಟ್ಟು ಕೊಟ್ಟರೆ ಒಮ್ಮೆ ಪ್ರಯತ್ನಿಸಿ: ಪಕ್ಕದಲ್ಲಿ ಹುಟ್ಟು ಹಾಕಿದರೆ ಗಿರಗಿರನೆ ತಿರುಗುತ್ತದೆ, ಹೋಗಬೇಕಾದ ದಿಕ್ಕಿನ ಅಂಚಿನ ಮುಂದೆ ನೀರನ್ನು ತನ್ನೆಡೆಗೆ ಸೆಳೆದುಕೊಂಡರೆ ಮಾತ್ರ ಮುಂದೆ ಸಾಗುತ್ತದೆ. ಲೆಕ್ಕದ ಮೇಷ್ಟ್ರು ಹತ್ತು ನಿಮಿಷ ಹುಟ್ಟು ಹಾಕಿ, ಹೊರಟ ಕಲ್ಲಿನ ಪಕ್ಕಕ್ಕೇ ನಮ್ಮನ್ನು ತಂದು ನಿಲ್ಲಿಸಿದರು.

ಹೊರಡುವ ಮೊದಲು, ಮರಳಿದ ಮೇಲೆ

ಮಧ್ಯಾಹ್ನ ಊಟ ಮುಗಿಸಿ ಹೊರಟರೆ ಸಂಜೆ ಧಾರವಾಡದಲ್ಲಿ ಗಿರಮಿಟ್ಟು-ಮಿರ್ಚಿ ತಿಂದು, ಪೇಡೆ ಕಟ್ಟಿಸಿಕೊಂಡು ರಾತ್ರಿ ಗಾಡಿ ಹಿಡಿಯಬಹುದು. ಖಜಾಂಚಿಯ ಲೆಕ್ಕ ಅಲ್ಲಿಯೇ ಮುಗಿಯಲಿ; ಬೆಂಗಳೂರು ತಲುಪಿದ ಮೇಲೆ ಬಾಕಿ ಕೊಡುವವರು ಫೋನ್ ಎತ್ತುವುದಿಲ್ಲ.

ಮನೆಗೆ ಬಂದು ಒದ್ದೆ ಬಟ್ಟೆಯನ್ನು ಬಿಸಿಲಿಗೆ ಹಾಕುವ ಮುಂಚೆ ಮೈಯನ್ನೊಮ್ಮೆ ಪರೀಕ್ಷಿಸಿಕೊಳ್ಳಿ. ಕಾಡಿನ ಅಂಚಿನಲ್ಲಿ ಓಡಾಡಿದವರ ಕಾಲು, ಸೊಂಟ, ಕಂಕುಳಲ್ಲಿ ಉಣುಗು ಕಚ್ಚಿಕೊಂಡಿದ್ದರೆ ಚಿಮುಟದಿಂದ ಚರ್ಮದ ಹತ್ತಿರವೇ ಹಿಡಿದು ನೇರವಾಗಿ ಎಳೆದು ತೆಗೆದು, ಸೋಪಿನಿಂದ ತೊಳೆಯಿರಿ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆ ಉಣುಗುಗಳಿಂದಲೇ ಹರಡುವುದು, ಅದರ ಕಾಲವೂ ರಾಫ್ಟಿಂಗ್‌ನ ಕಾಲವೂ ಹೆಚ್ಚು ಕಡಿಮೆ ಒಂದೇ. ಕೈಕಾಲಿನ ಗಾಯದೊಡನೆ ನದಿಗೆ ಇಳಿದವರಿಗೆ ಇಲಿಜ್ವರದ ಸಾಧ್ಯತೆಯೂ ಇದೆ. ಮೂರು-ನಾಲ್ಕು ವಾರಗಳೊಳಗೆ ಜ್ವರ, ಮೈಕೈ ನೋವು ಕಾಣಿಸಿಕೊಂಡರೆ ಅಂಗಡಿ ಮಾತ್ರೆ ನುಂಗಿ ಕೂರದೆ ವೈದ್ಯರ ಬಳಿ ಹೋಗಿ, ಇಂಥ ದಿನ ಕಾಳಿ ನದಿಯಲ್ಲಿದ್ದೆವು, ಕಾಡಿನಲ್ಲಿ ಓಡಾಡಿದೆವು ಎಂದು ತಪ್ಪದೆ ಹೇಳಬೇಕು.